ಅಲ್ತಮೀರ ಗುಹೆಯ ಸಾಕ್ಷ್ಯ

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಕಣ್ಣಾರೆ ಕಂಡುದನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಅದು ಎಚ್ಚರಿಸುತ್ತದೆ. ಹೀಗಿರುವಲ್ಲಿ, ಕಾಣದೆಯೇ ತೀರ್ಪು ಕೊಡುವವರ ವಿಷಯದಲ್ಲಿ ಹೇಳತಕ್ಕುದೇನಿದೆ? ವಸ್ತುವನ್ನು ನೋಡದೆ ಬೆಲೆ ಕಟ್ಟುವವನನ್ನು ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಆದರೆ ವಿದ್ವತ್ತಿನ ಪೇಟೆಯಲ್ಲಿ ಅಂಥವರ ಮಾತೇ ಇಪ್ಪತ್ತು ವರ್ಷಗಳ ಕಾಲ ನಡೆದ ಪ್ರಸಂಗವೊಂದುಂಟು. ಯುರೋಪು ಖಂಡದ ಸ್ಪೇನ್ ದೇಶದಲ್ಲಿರುವ ಅಲ್ತಮೀರ ಎಂಬ ಒಂದು ಚಿಕ್ಕ ನೈಸರ್ಗಿಕ ಗುಹೆಯ ಇತಿಹಾಸದಲ್ಲಿ ಆ ಪ್ರಸಂಗ ಅಡಗಿದೆ. ಶಿಲಾಯುಗದ ಚಿತ್ರಕಲೆಯ ಅಧ್ಯಯನ ಎಲ್ಲಿಂದ ಆರಂಭವಾಯಿತೆಂದು ತಿಳಿಯಬಯಸುವವರು ಈ ಗುಹೆಯ ಹೆಸರನ್ನು ಕೇಳಿಯೇ ಇರುತ್ತಾರೆ. ಅದನ್ನು ಲೋಕದ ಮುಂದಿಟ್ಟ ಗೃಹಸ್ಥನಿಗೆ ಲೋಕವು ಕೊಟ್ಟ ಪ್ರತಿಫಲವೇನೆಂಬುದು ಅಷ್ಟಾಗಿ ತಿಳಿದಿಲ್ಲ. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಗುಹೆಯ ಪತ್ತೆ

ಸ್ಪೇನಿನ ಉತ್ತರದ ಕಡಲಂಚಿನಲ್ಲಿ ಕಾಂತಾಬ್ರಿಯ ಎಂಬ ಪ್ರಾಂತವಿದೆ. ಆ ಕಾಲದಲ್ಲಿ ಅದನ್ನು ಅಲ್ಲಿಯ ಮುಖ್ಯ ಪಟ್ಟಣದ ಹೆಸರಿನಿಂದ ಸಾಂತಾಂದೇರ್ ಪ್ರಾಂತವೆಂದು ಕರೆಯುತ್ತಿದ್ದರು. ಸುಣ್ಣದಕಲ್ಲಿನ ಗುಡ್ಡಗಳು ತುಂಬಿರುವ ಪ್ರದೇಶವಿದು. ಮಳೆಯ ನೀರು ಸಾವಿರಾರು ವರ್ಷಗಳ ಕಾಲ ಕಲ್ಲಿನ ಬಿರುಕುಗಳಲ್ಲಿ ಇಳಿದು, ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತ, ಭೂಮಿಯೊಳಗೆ ಬಿಲಗಳನ್ನೂ ಕೋಣೆಗಳನ್ನೂ ನಿರ್ಮಿಸಿದೆ. ಸಾಂತಿಲ್ಯಾನ ದೆಲ್ ಮಾರ್ ಎಂಬ ಪುರಾತನ ಊರಿನ ಸಮೀಪದ ಗುಡ್ಡದಲ್ಲಿ ಹೀಗೆ ಉಂಟಾದ ಗುಹೆಯೇ ಅಲ್ತಮೀರ. ಬಾಯಿಂದ ತುದಿಯವರೆಗೆ ಅದರ ಉದ್ದ ಸುಮಾರು 270 ಮೀಟರ್. ಭೂಗರ್ಭದ ದೊಡ್ಡ ಗುಹೆಗಳ ಲೆಕ್ಕದಲ್ಲಿ ಇದು ಏನೇನೂ ಅಲ್ಲ.

1868ರಲ್ಲಿ ಮೊದೆಸ್ತೊ ಕೂಬಿಯಾಸ್ ಎಂಬಾತ ಈ ಗುಹೆಯನ್ನು ಕಂಡನು. ಆತ ಬೇಟೆಗೆ ಹೋಗಿದ್ದಾಗ ಅವನ ನಾಯಿ ಬೇಟೆಯನ್ನು ಬೆನ್ನಟ್ಟಿ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತೆಂದೂ, ಅದನ್ನು ಬಿಡಿಸಲು ಕಲ್ಲುಗಳನ್ನು ಸರಿಸಿದಾಗ ಒಳಗೆ ಕತ್ತಲೆಯ ಪೊಳ್ಳು ಕಾಣಿಸಿತೆಂದೂ ಅಲ್ಲಿಯ ಜನ ಹೇಳುತ್ತ ಬಂದಿದ್ದಾರೆ. ಗುಹೆಯ ಮೂಲದ ಬಾಯಿ ಸುಮಾರು ಹದಿಮೂರು ಸಾವಿರ ವರ್ಷಗಳ ಹಿಂದೆಯೇ ಚಾವಣಿ ಕುಸಿದು ಮುಚ್ಚಿಹೋಗಿತ್ತು. ಗುಡ್ಡವೇ ತನ್ನ ಬಾಯಿಗೆ ಬೀಗ ಹಾಕಿಕೊಂಡಂತಿತ್ತು. ಒಳಗಣ ಗಾಳಿ, ತೇವ, ಉಷ್ಣತೆ ಇವೆಲ್ಲ ಅಂದಿನಿಂದ ಹೆಚ್ಚು ಏರುಪೇರಿಲ್ಲದೆ ಉಳಿದುಬಂದವು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಎರಡು ಬಾರಿ ಇದರ ಪ್ರಯೋಜನ ಬೀಳುತ್ತದೆ.

ಆ ಸೀಮೆಯಲ್ಲಿ ಗುಹೆಗಳು ಹೊಸದಲ್ಲವಾದ್ದರಿಂದ ಈ ಸುದ್ದಿಗೆ ಯಾರೂ ಬೆರಗಾಗಲಿಲ್ಲ. ಆದರೆ ಕೂಬಿಯಾಸ್ ಅದನ್ನು ತನ್ನ ಪರಿಚಯದ ಜಮೀನುದಾರರಾದ ಮಾರ್ಸೆಲೀನೊ ಸಾನ್ಸ್ ದೆ ಸಾವ್ತುವೋಲ ಎಂಬವರಿಗೆ ತಿಳಿಸಿದನು.

ಗೃಹಸ್ಥ ವಿದ್ವಾಂಸ

ಸಾವ್ತುವೋಲ 1831ರಲ್ಲಿ ಸಾಂತಾಂದೇರಿನಲ್ಲಿ ಜನಿಸಿದರು. ನ್ಯಾಯಶಾಸ್ತ್ರವನ್ನು ಓದಿದವರು, ಆಸ್ತಿವಂತರು. ಆದರೆ ಅವರ ಮನಸ್ಸು ಗಿಡಮರಗಳಲ್ಲಿ, ಹಳೆಯ ವಸ್ತುಗಳಲ್ಲಿ, ತಮ್ಮ ಪ್ರಾಂತದ ಪೂರ್ವೇತಿಹಾಸದಲ್ಲಿ ನೆಲೆಸಿತ್ತು. ನಾವು ನೀಲಗಿರಿ ಎಂದು ಕರೆಯುವ ಮರವನ್ನು ಆ ಪ್ರಾಂತಕ್ಕೆ ತಂದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. ಯಾವ ವಿಶ್ವವಿದ್ಯಾಲಯದ ಪೀಠವೂ ಅವರಿಗಿರಲಿಲ್ಲ. ಸ್ವಂತ ಆಸಕ್ತಿಯಿಂದ, ಸ್ವಂತ ಖರ್ಚಿನಿಂದ ಅಭ್ಯಾಸ ಮಾಡುವ ಗೃಹಸ್ಥರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇಂಥವರ ಮಾತಿಗೆ ಪಂಡಿತ ಸಭೆಯಲ್ಲಿ ಎಷ್ಟು ಬೆಲೆ ಸಿಗುತ್ತದೆಂಬುದು ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

1870ರ ದಶಕದ ಮಧ್ಯಭಾಗದಲ್ಲಿ ಅವರು ಮೊದಲ ಬಾರಿಗೆ ಗುಹೆಯನ್ನು ಹೊಕ್ಕರು. ಗೋಡೆಯ ಮೇಲೆ ಕೆಲವು ಕಪ್ಪು ಗೆರೆಗಳು ಕಂಡುವು. ಆದರೆ ಅವುಗಳಿಗೆ ವಿಶೇಷ ಮಹತ್ವವಿದೆಯೆಂದು ಆಗ ತೋರಲಿಲ್ಲ. 1878ರಲ್ಲಿ ಪ್ಯಾರಿಸ್ ನಗರದಲ್ಲಿ ವಿಶ್ವ ಪ್ರದರ್ಶನ ನಡೆದಾಗ ಅವರು ಅಲ್ಲಿಗೆ ಹೋದರು. ಫ್ರಾನ್ಸಿನ ಗುಹೆಗಳಲ್ಲಿ ದೊರೆತ ಕಲ್ಲಿನ ಆಯುಧಗಳು, ಪ್ರಾಣಿಗಳ ಆಕಾರವನ್ನು ಕೊರೆದ ಎಲುಬು ಮತ್ತು ಕೊಂಬಿನ ತುಂಡುಗಳು ಆ ಪ್ರದರ್ಶನದಲ್ಲಿದ್ದವು. ತಮ್ಮ ಊರಿನ ಗುಹೆಗಳಲ್ಲಿಯೂ ಇಂಥ ವಸ್ತುಗಳು ಇರಬಹುದೆಂಬ ಯೋಚನೆ ಅವರಿಗೆ ಅಲ್ಲಿ ಹುಟ್ಟಿತು. ಮರುವರ್ಷ, ಎಂದರೆ 1879ರಲ್ಲಿ, ಅಲ್ತಮೀರಕ್ಕೆ ಮರಳಿ ಹೋಗಿ ಬಾಯಿಯ ಬಳಿಯ ನೆಲವನ್ನು ಅಗೆಯತೊಡಗಿದರು. ಎಂಟು ವರ್ಷದ ಮಗಳು ಮರಿಯ ಜೊತೆಗಿದ್ದಳು.

ತಂದೆಯ ದೃಷ್ಟಿಯೆಲ್ಲ ನೆಲದ ಮಣ್ಣಿನಲ್ಲಿತ್ತು. ಬಾಲಕಿಯು ದೀಪದ ಬೆಳಕಿನಲ್ಲಿ ಪಕ್ಕದ ಕೋಣೆಗೆ ಹೋದಳು. ಆ ಕೋಣೆಯ ಚಾವಣಿ ಬಹಳ ತಗ್ಗು. ದೊಡ್ಡವರು ಸೊಂಟ ಬಗ್ಗಿಸಿಯೇ ನಡೆಯಬೇಕು, ಬಗ್ಗಿ ನಡೆಯುವವನಿಗೆ ಮೇಲೇನಿದೆಯೆಂದು ತಿಳಿಯುವುದಿಲ್ಲ. ಮಗು ಮಾತ್ರ ತಲೆಯೆತ್ತಿ ನಿಲ್ಲಬಹುದಿತ್ತು. ಅವಳು ತಲೆಯೆತ್ತಿ ನೋಡಿ, ಎತ್ತುಗಳಿವೆಯೆಂದು ತಂದೆಯನ್ನು ಕೂಗಿ ಕರೆದಳು.

ಅವು ಎತ್ತುಗಳಲ್ಲ, ಬೈಸನ್ ಎಂಬ ಭಾರಿ ಗಾತ್ರದ, ಹೆಗಲುಬ್ಬಿದ, ಜೂಲುಗೂದಲಿನ ಕಾಡುಪ್ರಾಣಿಗಳು. ಸುಮಾರು 18 ಮೀಟರ್ ಉದ್ದ, 9 ಮೀಟರ್ ಅಗಲದ ಆ ಚಾವಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೈಸನ್‌ಗಳು ಇದ್ದುವು. ಕೆಲವು ನಿಂತಿದ್ದುವು, ಕೆಲವು ಕಾಲು ಮಡಿಸಿ ಮುದುರಿಕೊಂಡಿದ್ದುವು. ಕುದುರೆಗಳಿದ್ದುವು. ಎರಡು ಮೀಟರಿಗೂ ಮೀರಿದ ಉದ್ದದ ಒಂದು ಹೆಣ್ಣು ಜಿಂಕೆಯಿತ್ತು. ಕಾವಿಮಣ್ಣಿನ ಕೆಂಪು, ಇದ್ದಿಲಿನ ಕಪ್ಪು ಇವೇ ಮುಖ್ಯ ಬಣ್ಣಗಳು. ಬಂಡೆಯ ಉಬ್ಬನ್ನೇ ಪ್ರಾಣಿಯ ಹೆಗಲಾಗಿ, ತೊಡೆಯಾಗಿ ಬಳಸಿಕೊಂಡಿದ್ದರಿಂದ ಚಿತ್ರಗಳಿಗೆ ಮೈ ಬಂದಿತ್ತು.

ಕಿರುಹೊತ್ತಗೆಯೊಂದರ ವಿನಯ

ಸಾವ್ತುವೋಲ 1880ರಲ್ಲಿ ಸಾಂತಾಂದೇರ್ ಪ್ರಾಂತದ ಪ್ರಾಗೈತಿಹಾಸಿಕ ವಸ್ತುಗಳನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಶೀರ್ಷಿಕೆಯಲ್ಲಿ ಅದನ್ನು ಕೇವಲ ಕಿರುಟಿಪ್ಪಣಿಗಳೆಂದು ಕರೆದುಕೊಂಡರು. ಅವರ ವಾದಸರಣಿ ಸರಳವಾಗಿತ್ತು. ಪ್ಯಾರಿಸಿನಲ್ಲಿ ಕಂಡ ಎಲುಬಿನ ಕೆತ್ತನೆಗಳನ್ನು ಶಿಲಾಯುಗದವೆಂದು ಪಂಡಿತರು ಒಪ್ಪಿದ್ದಾರೆ. ಎಲುಬಿನ ಮೇಲೆ ಪ್ರಾಣಿಯನ್ನು ಕೊರೆಯಬಲ್ಲ ಕೈ ಬಂಡೆಯ ಮೇಲೆ ಬರೆಯಲಾರದೇ? ಚಿತ್ರದಲ್ಲಿರುವ ಪ್ರಾಣಿಗಳು ಆ ದೇಶದಿಂದ ಎಂದೋ ಮರೆಯಾಗಿವೆ. ಕಂಡವನಲ್ಲದೆ ಬೇರೆಯವನು ಅವುಗಳನ್ನು ಅಷ್ಟು ಯಥಾರ್ಥವಾಗಿ ಬರೆಯಲಾರನು. ಇಷ್ಟು ಹೇಳಿ, ಕೊನೆಯ ನಿರ್ಣಯವನ್ನು ತಮಗಿಂತ ಬಲ್ಲವರಿಗೆ ಬಿಟ್ಟರು. ತಿಳಿದುದನ್ನು ಹೇಳುವ ಧೈರ್ಯ, ತಿಳಿಯದುದನ್ನು ಹೇಳದಿರುವ ವಿನಯ ಇವೆರಡೂ ಆ ಚಿಕ್ಕ ಹೊತ್ತಗೆಯಲ್ಲಿ ಕಾಣುತ್ತವೆ.

ಮದ್ರೀದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಹ್ವಾನ್ ವಿಲನೋವ ಅವರು ಸ್ವತಃ ಗುಹೆಗೆ ಬಂದು, ಪರಿಶೀಲಿಸಿ, ಚಿತ್ರಗಳು ಪ್ರಾಚೀನವೆಂದು ಒಪ್ಪಿಕೊಂಡರು. ಅದೇ 1880ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಪ್ರಾಗೈತಿಹಾಸ ವಿದ್ವಾಂಸರ ಅಂತಾರಾಷ್ಟ್ರೀಯ ಸಮ್ಮೇಳನ ಸೇರಿತು. ವಿಲನೋವ ಅಲ್ಲಿ ಅಲ್ತಮೀರದ ವಿಷಯವನ್ನು ಮಂಡಿಸಿದರು. ಸಭೆಯು ಅದನ್ನು ಪುರಸ್ಕರಿಸಲಿಲ್ಲ. ಆ ಕಾಲದ ಪ್ರಮುಖ ಪುರಾತತ್ವಜ್ಞರಲ್ಲೊಬ್ಬರಾದ ಫ್ರಾನ್ಸಿನ ಎಮಿಲ್ ಕಾರ್ತಯಾಕ್ ಒಪ್ಪದವರ ಮುಂಚೂಣಿಯಲ್ಲಿದ್ದರು. ಅವರು ಗುಹೆಯನ್ನು ನೋಡಿರಲಿಲ್ಲ, ಮುಂದೆ ಇಪ್ಪತ್ತೆರಡು ವರ್ಷಗಳವರೆಗೆ ನೋಡಲೂ ಇಲ್ಲ.

ಸಂಶಯವೂ ಆರೋಪವೂ

ವಿದ್ವಾಂಸರು ಏಕೆ ಒಪ್ಪಲಿಲ್ಲ? ಅವರೆಲ್ಲರೂ ದುಷ್ಟರೆಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮಾನವನ ಬುದ್ಧಿಯೂ ಕಲೆಯೂ ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದಿವೆಯೆಂಬ ಅಭಿಪ್ರಾಯ ಆಗ ಬಲವಾಗಿತ್ತು. ಹಾಗಿದ್ದಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತ ಗುಹಾವಾಸಿಯು ಇಂಥ ಪ್ರೌಢವಾದ ಚಿತ್ರವನ್ನು ಬರೆಯುವುದು ಹೇಗೆ ಸಾಧ್ಯವೆಂಬುದು ಅವರ ಮೊದಲ ತೊಡಕು. ಇಂಥ ಇನ್ನೊಂದು ಗುಹೆ ಅದುವರೆಗೆ ವಿದ್ವಾಂಸರಿಗೆ ತಿಳಿದಿರದಿದ್ದುದು ಎರಡನೆಯ ತೊಡಕು. ಒಂದೇ ಒಂದು ನಿದರ್ಶನದಿಂದ ಸಿದ್ಧಾಂತವನ್ನು ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

1881ರಲ್ಲಿ ಎದುವಾರ್ ಆರ್ಲೆ ಎಂಬ ಫ್ರೆಂಚ್ ಇಂಜಿನಿಯರರು ಗುಹೆಯ ಪರೀಕ್ಷೆಗೆ ಬಂದರು. ದೂರದಲ್ಲಿ ಕುಳಿತು ಮಾತಾಡಿದವರಿಗಿಂತ ಅವರು ಮೇಲು, ಬಂದಾದರೂ ನೋಡಿದರು. ಅವರು ಎತ್ತಿದ ಪ್ರಶ್ನೆಗಳೂ ಯುಕ್ತವಾದವೇ. ಸೂರ್ಯನ ಬೆಳಕು ತಲುಪದ ಕೋಣೆಯಲ್ಲಿ ದೀಪವಿಲ್ಲದೆ ಚಿತ್ರ ಬರೆಯಲಾಗದು. ದೀಪವಿದ್ದ ಮೇಲೆ ಚಾವಣಿಗೆ ಹೊಗೆಯ ಮಸಿ ಹಿಡಿಯಬೇಕಲ್ಲವೇ? ಮಸಿಯ ಕುರುಹಿಲ್ಲ. ಬಣ್ಣವು ಹೊಸದಾಗಿ ಹಚ್ಚಿದಂತಿದೆ, ಬೆರಳು ತಾಗಿದರೆ ಅಂಟಿಕೊಳ್ಳುತ್ತದೆ. ಸಾವಿರಾರು ವರ್ಷ ಹಳೆಯದಾದರೆ ಹೀಗಿರಲು ಸಾಧ್ಯವೇ?

ಈ ಪ್ರಶ್ನೆಗಳಿಗೆ ಉತ್ತರಗಳಿದ್ದುವು. ಪ್ರಾಣಿಯ ಮಜ್ಜೆಯ ಕೊಬ್ಬಿನಿಂದ ಉರಿಯುವ ದೀಪ ಹೆಚ್ಚು ಹೊಗೆಯುಗುಳುವುದಿಲ್ಲ. ಬಾಯಿ ಮುಚ್ಚಿಹೋಗಿದ್ದ ಗುಹೆಯಲ್ಲಿ ತೇವವು ಒಂದೇ ಸಮನಾಗಿದ್ದುದರಿಂದ ಬಣ್ಣವು ಒಣಗಿ ಉದುರದೆ ಹಸಿಯಾಗಿಯೇ ಉಳಿದಿತ್ತು. ಆದರೆ ಉತ್ತರಗಳನ್ನು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ. ಸಾವ್ತುವೋಲರ ಮೊದಲ ಭೇಟಿಗೂ ಎರಡನೆಯ ಭೇಟಿಗೂ ನಡುವಣ ಅವಧಿಯಲ್ಲಿ ಈ ಚಿತ್ರಗಳನ್ನು ಬರೆಯಲಾಗಿದೆಯೆಂದು ಆರ್ಲೆ ತರ್ಕಿಸಿದರು. ಅವರ ವರದಿಯು ಕಾರ್ತಯಾಕ್ ಅವರೇ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಅಚ್ಚಾಯಿತು.

ಇಲ್ಲಿಂದ ಮುಂದೆ ಮಾತು ಬಂಡೆಯನ್ನು ಬಿಟ್ಟು ಮನುಷ್ಯನ ಮೇಲೆ ತಿರುಗಿತು. ಚಿತ್ರಗಳು ಹೊಸವಾದರೆ ಯಾರೋ ಬರೆದಿರಬೇಕು, ಯಾರೋ ಬರೆಸಿರಬೇಕು. ಸಾವ್ತುವೋಲರ ಆಶ್ರಯದಲ್ಲಿದ್ದು, ಗುಹೆಯ ಚಿತ್ರಗಳ ಪ್ರತಿ ತೆಗೆಯಲು ನೆರವಾಗಿದ್ದ ಪೋಲ್ ರತಿಯೆ ಎಂಬ ಫ್ರೆಂಚ್ ಚಿತ್ರಕಾರನ ಮೇಲೆ ಸಂಶಯದ ಬೆರಳು ತಿರುಗಿತು. ಅವನು ಮೂಗ. ತನ್ನ ಪರವಾಗಿ ಒಂದು ಮಾತನ್ನೂ ಆಡಲಾರದವನ ತಲೆಗೆ ಕೃತ್ರಿಮದ ಹೊರೆಯನ್ನು ಹೊರಿಸಲಾಯಿತು. ವಿಕಾಸವಾದಿಗಳನ್ನು ನಗೆಗೀಡುಮಾಡಲು ಸ್ಪೇನಿನ ಪಾದ್ರಿಗಳು ಒಡ್ಡಿದ ಬಲೆಯಿದೆಂದು ಗಾಬ್ರಿಯೆಲ್ ದ ಮೊರ್ತಿಯೆ ಎಂಬ ಹಿರಿಯ ವಿದ್ವಾಂಸರು ಕಾರ್ತಯಾಕ್ ಅವರನ್ನು ಎಚ್ಚರಿಸಿದರು. ಸ್ಪೇನಿನೊಳಗೂ ನಿಂದಕರಿಗೆ ಕೊರತೆಯಿರಲಿಲ್ಲ.

ಸಂಶಯ ಬೇರೆ, ಆರೋಪ ಬೇರೆ. 'ಈ ಚಿತ್ರ ಹಳೆಯದೆಂಬುದಕ್ಕೆ ಆಧಾರವೇನು?' ಎಂದು ಕೇಳುವುದು ಸಂಶಯ. ಅದು ಜ್ಞಾನದ ಬಾಗಿಲು. ಅದನ್ನು ಕೇಳಿದವನನ್ನು ದೂಷಿಸಲಾಗದು. 'ಈ ಮನುಷ್ಯ ಮೋಸಗಾರ' ಎಂದು ಹೇಳುವುದು ಆರೋಪ. ಸಂಶಯಕ್ಕೆ ಪ್ರಮಾಣ ಸಾಲದಿರುವುದೇ ಸಾಕಾದ ಕಾರಣ. ಆರೋಪಕ್ಕಾದರೋ ಸ್ವತಂತ್ರವಾದ ಪ್ರಮಾಣ ಬೇಕು. ಸಾವ್ತುವೋಲ ಬಣ್ಣ ಕೊಂಡದ್ದನ್ನು ಯಾರೂ ಕಂಡಿರಲಿಲ್ಲ, ರತಿಯೆ ಚಾವಣಿಗೆ ಕುಂಚ ಮುಟ್ಟಿಸಿದ್ದನ್ನು ಯಾರೂ ನೋಡಿರಲಿಲ್ಲ. ಇದರಿಂದ ಅವರಿಗೆ ದೊರೆಯಬಹುದಾಗಿದ್ದ ಲಾಭವೇನೆಂಬುದನ್ನೂ ಯಾರೂ ತೋರಿಸಲಿಲ್ಲ. ವಸ್ತುವಿನ ಬಗೆಗಿದ್ದ ಅಜ್ಞಾನವನ್ನು ವ್ಯಕ್ತಿಯ ಖಾತೆಗೆ ದೋಷವೆಂದು ಖರ್ಚು ಬರೆದರು. ಅಂಗಡಿಯ ಲೆಕ್ಕದಲ್ಲಿ ಹೀಗೆ ಮಾಡಿದರೆ ಅದನ್ನು ಸುಳ್ಳು ಬರಹವೆನ್ನುತ್ತೇವೆ. ಲೋಕವ್ಯವಹಾರದಲ್ಲಿ ಮಾಡಿದರೆ ಜಾಣತನವೆಂದು ಕರೆಯುವುದುಂಟು.

ಸಾವ್ತುವೋಲ ಅವರು 1888ರಲ್ಲಿ, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ಈ ಅಪವಾದವನ್ನು ಹೊತ್ತುಕೊಂಡೇ ತೀರಿಕೊಂಡರು. ಅವರ ಪರವಾಗಿ ನಿಂತ ವಿಲನೋವ 1893ರಲ್ಲಿ ಕಾಲವಾದರು. ಗುಹೆಯನ್ನು ಜನ ಮರೆತರು.

ಬೇರೆ ಗುಹೆಗಳು ನುಡಿದ ಸಾಕ್ಷ್ಯ

ಸತ್ಯಕ್ಕೆ ವಕೀಲರು ತೀರಿಕೊಂಡರೂ ಸಾಕ್ಷಿಗಳು ತೀರುವುದಿಲ್ಲ. 1895ರಲ್ಲಿ ಫ್ರಾನ್ಸಿನ ಲಾ ಮೂತ್ ಎಂಬ ಗುಹೆಯಲ್ಲಿ, ಮಣ್ಣು ತುಂಬಿ ಮುಚ್ಚಿಹೋಗಿದ್ದ ದಾರಿಯನ್ನು ತೆರೆದಾಗ, ಅದರಾಚೆಯ ಗೋಡೆಗಳಲ್ಲಿ ಪ್ರಾಣಿಗಳ ರೇಖಾಚಿತ್ರಗಳು ಕಂಡುವು. ಎಮಿಲ್ ರಿವಿಯೇರ್ ಅವರು ಇವುಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಪ್ರಾಚೀನ ಪದರಗಳು ದಾರಿಯನ್ನೇ ಮುಚ್ಚಿದ್ದ ಮೇಲೆ ಆಧುನಿಕನೊಬ್ಬ ಒಳಗೆ ಹೋಗಿ ಗೆರೆ ಕೊರೆದನೆಂದು ಹೇಳುವಂತಿರಲಿಲ್ಲ. 1899ರಲ್ಲಿ ಅದೇ ಗುಹೆಯಲ್ಲಿ ಕಲ್ಲಿನ ಒಂದು ಹಣತೆಯೂ ದೊರೆಯಿತು. ಗುಹಾವಾಸಿಗೆ ದೀಪವಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಪೇರ್-ನೊಂ-ಪೇರ್ ಎಂಬ ಇನ್ನೊಂದು ಫ್ರೆಂಚ್ ಗುಹೆಯಲ್ಲಿ ಶಿಲಾಯುಗದ ಮಣ್ಣಿನ ಪದರಗಳೇ ಕೆತ್ತನೆಗಳನ್ನು ಮುಚ್ಚಿದ್ದುವು. 1901ರ ಸೆಪ್ಟೆಂಬರಿನಲ್ಲಿ ಕೊಂಬರೆಲ್ ಮತ್ತು ಫೊಂ-ದ-ಗೋಮ್ ಎಂಬ ಎರಡು ಗುಹೆಗಳ ಚಿತ್ರಗಳು ಕೆಲವೇ ದಿನಗಳ ಅಂತರದಲ್ಲಿ ಬೆಳಕಿಗೆ ಬಂದುವು. ಇಪ್ಪತ್ತು ವರ್ಷಗಳ ಹಿಂದೆ ಒಂಟಿಯಾಗಿದ್ದ ಅಲ್ತಮೀರಕ್ಕೆ ಈಗ ಒಡಹುಟ್ಟುಗಳ ಸಾಲೇ ಸಿಕ್ಕಿತು.

ಇಲ್ಲಿ ಭರತಖಂಡದ ಒಂದು ಸಂಗತಿಯನ್ನೂ ಸ್ಮರಿಸಬೇಕು. ಅಲ್ತಮೀರದ ಚಾವಣಿಯನ್ನು ಬಾಲಕಿ ಕಾಣುವುದಕ್ಕೆ ಸುಮಾರು ಹನ್ನೆರಡು ವರ್ಷ ಮೊದಲು, 1867-68ರ ಹೊತ್ತಿಗೆ, ಆರ್ಚಿಬಾಲ್ಡ್ ಕಾರ್ಲೈಲ್ ಎಂಬ ಆಂಗ್ಲ ಪುರಾತತ್ವಾಧಿಕಾರಿ ವಿಂಧ್ಯದ ಮಿರ್ಜಾಪುರ ಸೀಮೆಯ ಕಲ್ಲಾಸರೆಗಳಲ್ಲಿ ಬಣ್ಣದ ಚಿತ್ರಗಳನ್ನು ಕಂಡಿದ್ದರು. ಅಲ್ಲಿಯೇ ದೊರೆತ ಸಣ್ಣ ಕಲ್ಲಾಯುಧಗಳ ಆಧಾರದಿಂದ ಅವು ಶಿಲಾಯುಗದವಿರಬೇಕೆಂದೂ ಊಹಿಸಿದ್ದರು. ಆದರೆ ಅವರು ಅದನ್ನು ಪ್ರಕಟಿಸಲಿಲ್ಲ. ಅವರ ಟಿಪ್ಪಣಿಗಳು 1906ರಲ್ಲಷ್ಟೇ ಅಚ್ಚಾದುವು. ಅವು ಸಕಾಲದಲ್ಲಿ ಹೊರಬಂದಿದ್ದರೆ, ಲಿಸ್ಬನ್ ಸಭೆಯಲ್ಲಿ ಅಲ್ತಮೀರವೊಂದೇ ನಿದರ್ಶನವೆಂಬ ಮಾತಿಗೆ ಎಡೆಯಿರುತ್ತಿರಲಿಲ್ಲ. ಒಬ್ಬರ ಮೌನವೂ ದೂರದ ಇನ್ನೊಬ್ಬರಿಗೆ ನಷ್ಟವಾಗಬಹುದೆಂಬುದಕ್ಕೆ ಇದು ನಿದರ್ಶನ.

ಅಚ್ಚಾದ ತಪ್ಪೊಪ್ಪಿಗೆ

1902ರಲ್ಲಿ ಎಮಿಲ್ ಕಾರ್ತಯಾಕ್ ಒಂದು ಲೇಖನವನ್ನು ಪ್ರಕಟಿಸಿದರು. ವಿಷಯ ಅಲ್ತಮೀರದ ಗುಹೆ. ತಾವು ತಪ್ಪಿತಸ್ಥರೆಂಬ ಅರ್ಥದ ಲ್ಯಾಟಿನ್ ಪ್ರಾರ್ಥನೆಯ ಮಾತನ್ನು ಅದರ ಶೀರ್ಷಿಕೆಯಲ್ಲಿಯೇ ಇಟ್ಟು, ತಮ್ಮನ್ನು ಒಬ್ಬ ಸಂಶಯಗ್ರಸ್ತನೆಂದು ಕರೆದುಕೊಂಡರು. ಇಪ್ಪತ್ತು ವರ್ಷಗಳ ಹಿಂದೆ ನಡೆದ ಅನ್ಯಾಯದಲ್ಲಿ ತಾವೂ ಪಾಲುದಾರರೆಂದೂ, ಅದನ್ನು ಸರಿಪಡಿಸುವುದು ಕರ್ತವ್ಯವೆಂದೂ ಬರೆದರು.

ಈ ಕ್ಷಮಾಯಾಚನೆಯಲ್ಲಿ ಗಮನಿಸತಕ್ಕ ಮೂರು ಅಂಶಗಳಿವೆ. ಮೊದಲನೆಯದು, ಅದು ಗುಟ್ಟಾಗಿ ನಡೆಯಲಿಲ್ಲ. ಆರ್ಲೆಯವರ ವರದಿ ಅಚ್ಚಾಗಿದ್ದ ಪತ್ರಿಕೆ 1890ರಲ್ಲಿ ಬೇರೆ ಎರಡು ಪತ್ರಿಕೆಗಳೊಡನೆ ಕೂಡಿ ಹೊಸ ಹೆಸರಿನಿಂದ ನಡೆಯುತ್ತಿತ್ತು. ಆ ಪತ್ರಿಕೆಯಲ್ಲಿಯೇ ತಪ್ಪೊಪ್ಪಿಗೆಯೂ ಅಚ್ಚಾಯಿತು. ನಿಂದೆಯನ್ನು ಓದಿದ ವಾಚಕವರ್ಗವೇ ಕ್ಷಮಾಯಾಚನೆಯನ್ನೂ ಓದಿತು. ಬೀದಿಯಲ್ಲಿ ಬೈದು ಮನೆಯೊಳಗೆ ಕ್ಷಮೆ ಕೇಳುವ ಲೋಕರೂಢಿಗೆ ಇದು ವಿರುದ್ಧವಾದುದು. ಎರಡನೆಯದು, ಅವರು ತಮ್ಮ ಹೆಸರನ್ನೇ ಹೇಳಿದರು. 'ಆ ಕಾಲದ ವಿದ್ವಾಂಸರು ತಪ್ಪು ತಿಳಿದರು' ಎಂದು ಬರೆದಿದ್ದರೂ ಲೇಖನ ನಡೆಯುತ್ತಿತ್ತು. ಹಾಗೆ ಬರೆದು ಗುಂಪಿನಲ್ಲಿ ಮರೆಯಾಗಲು ಅವರು ಇಷ್ಟಪಡಲಿಲ್ಲ. ಮೂರನೆಯದು, ಮಾತಿನಲ್ಲಿ ನಿಲ್ಲದೆ ಕೃತಿಗೆ ಇಳಿದರು. ಅದೇ ವರ್ಷ ಆನ್ರಿ ಬ್ರೂಯಿ ಎಂಬ ತರುಣ ಪಾದ್ರಿ ವಿದ್ವಾಂಸರನ್ನು ಕರೆದುಕೊಂಡು ಅಲ್ತಮೀರಕ್ಕೆ ಹೋದರು. ಬ್ರೂಯಿ ಅವರು ತಗ್ಗಾದ ಚಾವಣಿಯ ಕೆಳಗೆ ಹುಲ್ಲು ತುಂಬಿದ ಚೀಲಗಳ ಮೇಲೆ ಅಂಗಾತ ಮಲಗಿ, ದಿನಗಟ್ಟಲೆ ಚಿತ್ರಗಳ ಪ್ರತಿ ತೆಗೆದರು. ತೇವದಿಂದಾಗಿ ನೀರುಬಣ್ಣ ಒಣಗದಿದ್ದಾಗ ಬಣ್ಣದ ಕಡ್ಡಿಗಳನ್ನು ಬಳಸಿದರು. ಈ ಪರಿಶ್ರಮದ ಫಲವಾದ ದೊಡ್ಡ ಗ್ರಂಥವು ಮೊನಾಕೊ ದೇಶದ ರಾಜಕುಮಾರರ ಧನಸಹಾಯದಿಂದ 1906ರ ಮುದ್ರಣವಾಗಿ ಹೊರಬಂದಿತು. ಕಾರ್ತಯಾಕ್ ಅವರು ಮರಿಯಳನ್ನು ಕಂಡು, ಅವಳ ತಂದೆಗೆ ಆದ ಅನ್ಯಾಯಕ್ಕಾಗಿ ಕ್ಷಮೆ ಕೇಳಿದರೆಂದೂ ಹೇಳುತ್ತಾರೆ.

ಕಾರ್ತಯಾಕ್ ಅವರ ದೊಡ್ಡತನವನ್ನು ಮೆಚ್ಚಲೇಬೇಕು. ಆದರೂ ಒಂದು ಮಾತನ್ನು ಮರೆಯಬಾರದು. ಆ ಲೇಖನವನ್ನು ಓದಬೇಕಾಗಿದ್ದವರು ಹದಿನಾಲ್ಕು ವರ್ಷಗಳ ಹಿಂದೆಯೇ ತೀರಿಹೋಗಿದ್ದರು. ಸಾಲವನ್ನು ಬಡ್ಡಿಸಮೇತ ತೀರಿಸಿದರೂ, ಸಾಲಕೊಟ್ಟವನೇ ಇಲ್ಲದಿದ್ದಾಗ ರಸೀದಿ ಬರೆದುಕೊಡುವವರು ಯಾರು? ಕ್ಷಮೆಗೂ ಒಂದು ಕಾಲವಿದೆ. ಮುಂದೂಡಿದಷ್ಟೂ ಅದರ ಪ್ರಯೋಜನ ಕೇಳುವವನಿಗೆ ಉಳಿಯುತ್ತದೆ, ನೊಂದವನಿಗೆ ಸಿಗುವುದಿಲ್ಲ.

ಮರಿಯ ದೀರ್ಘಕಾಲ ಬಾಳಿ 1946ರಲ್ಲಿ ನಿಧನರಾದರು. ಅವರು ಸೇರಿದ್ದು ಬೊತೀನ್ ಎಂಬ ಮನೆತನವನ್ನು. ಸಾಂತಾಂದೇರಿನ ಪ್ರಸಿದ್ಧ ಬ್ಯಾಂಕನ್ನು ಮುಂದೆ ತಲೆಮಾರುಗಳ ಕಾಲ ನಡೆಸಿದ ಮನೆತನವದು. ತಂದೆಯ ಹೆಸರಿಗೆ ಅಂಟಿದ ಕಳಂಕ ತೊಳೆದುಹೋದುದನ್ನು ಮಗಳಾದರೂ ಕಂಡಳೆಂಬುದೊಂದೇ ಸಮಾಧಾನ.

ಎಷ್ಟು ಹಳೆಯದು?

ಅನಂತರದ ಉತ್ಖನನಗಳು ಗುಹೆಯ ಬಾಯಿಯ ಬಳಿ ಹಿಮಯುಗದ ಜನರು ಬೇರೆ ಬೇರೆ ಕಾಲಗಳಲ್ಲಿ ವಾಸವಾಗಿದ್ದರೆಂದು ತೋರಿಸಿಕೊಟ್ಟವು. 1924-25ರಲ್ಲಿ ಹ್ಯೂಗೊ ಓಬರ್ಮಾಯರ್ ಎಂಬ ವಿದ್ವಾಂಸರು ಅಲ್ಲಿ ಅಗೆತ ನಡೆಸಿದರು. ಇದ್ದಿಲಿನ ಕಣಗಳನ್ನು ವಿಕಿರಣ ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಬೈಸನ್ ಚಿತ್ರಗಳು ಹದಿನೈದು ಸಾವಿರ ವರ್ಷಗಳಿಗೂ ಹಿಂದಿನವೆಂದು ತಿಳಿದುಬಂದಿತು. ಚಿತ್ರಗಳ ಮೇಲೆ ಬೆಳೆದ ಸುಣ್ಣದ ತೆಳು ಪೊರೆಯನ್ನು ಯುರೇನಿಯಂ ವಿಧಾನದಿಂದ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಚಾವಣಿಯ ಒಂದು ಕೆಂಪು ಗುರುತಿನ ಮೇಲಣ ಪೊರೆಯೇ 35,600 ವರ್ಷ ಹಳೆಯದು, ಗುರುತು ಅದಕ್ಕಿಂತಲೂ ಹಳೆಯದಾಗಿರಲೇಬೇಕು. ಎಂದರೆ ಒಂದೇ ಚಾವಣಿಯಲ್ಲಿ ಹತ್ತಾರು ಸಾವಿರ ವರ್ಷಗಳ ಅಂತರದಲ್ಲಿ ಬೇರೆ ಬೇರೆ ಕೈಗಳು ಬರೆದಿವೆ. ಕೆಲವೇ ವರ್ಷಗಳಲ್ಲಿ ಒಬ್ಬ ಮೂಗ ಚಿತ್ರಕಾರ ಬರೆದುದೆಂದು ಪಂಡಿತರು ಹೇಳಿದ್ದು ಇದನ್ನೇ.

ಬಾರದೆ ಕೆಡಿಸಿದವರು, ಬಂದು ಕೆಡಿಸಿದವರು

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ಕೀರ್ತಿ ಬಂದ ಮೇಲೆ ಗುಹೆಗೆ ಎರಡನೆಯ ವಿಪತ್ತು ಬಂದಿತು. ಮೊದಲು ವಿದ್ವಾಂಸರು ಬಾರದೆ ಕೆಡಿಸಿದರು, ಆಮೇಲೆ ಜನರು ಬಂದು ಕೆಡಿಸಿದರು. ಪ್ರವಾಸಿಗಳ ಅನುಕೂಲಕ್ಕಾಗಿ ಚಿತ್ರದ ಕೋಣೆಯ ನೆಲವನ್ನು ತಗ್ಗಿಸಿ ಹಾದಿ ಮಾಡಿದರು, ವಿದ್ಯುದ್ದೀಪ ಹಾಕಿದರು, ಚಾವಣಿ ಕುಸಿಯದಂತೆ ಗೋಡೆ ಕಟ್ಟಿದರು. 1973ರ ಒಂದೇ ವರ್ಷದಲ್ಲಿ 1,70,000ಕ್ಕೂ ಹೆಚ್ಚು ಜನ ಗುಹೆಯನ್ನು ಹೊಕ್ಕರು. ಬಂದವರಲ್ಲಿ ಯಾರೂ ಚಿತ್ರವನ್ನು ಕೆರೆಯಬೇಕೆಂದು ಬಂದವರಲ್ಲ, ಭಕ್ತಿಯಂಥ ಭಾವನೆಯಿಂದಲೇ ಬಂದವರು. ಆದರೆ ಪ್ರತಿಯೊಬ್ಬನ ಉಸಿರಿನಿಂದ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹೊರಬೀಳುತ್ತವೆ. ಪ್ರತಿಯೊಂದು ದೇಹ ಕೋಣೆಯನ್ನು ಬಿಸಿಮಾಡುತ್ತದೆ, ಪ್ರತಿಯೊಂದು ಪಾದರಕ್ಷೆ ಹೊರಗಿನ ಸೂಕ್ಷ್ಮಜೀವಿಗಳನ್ನು ಒಳಗೆ ತರುತ್ತದೆ. ಹದಿಮೂರು ಸಾವಿರ ವರ್ಷಗಳ ಕಾಲ ಚಿತ್ರವನ್ನು ಕಾಪಾಡಿದ ಸ್ಥಿರವಾದ ತೇವವೂ ಉಷ್ಣತೆಯೂ ಕೆಲವು ದಶಕಗಳಲ್ಲಿ ಕದಡಿಹೋದುವು.

1977ರಲ್ಲಿ ಗುಹೆಯನ್ನು ಮುಚ್ಚಿದರು. 1982ರಲ್ಲಿ ವರ್ಷಕ್ಕೆ 8,500 ಮಂದಿಗೆ ಮಾತ್ರವೆಂಬ ಮಿತಿಯಿಟ್ಟು ತೆರೆದರು. 1985ರಲ್ಲಿ ಅದು ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು. ಮತ್ತೆ ಹಸಿರು ಪಾಚಿಯ ಸಮಸ್ಯೆ ಕಾಣಿಸಿಕೊಂಡು 2002ರಲ್ಲಿ ಪುನಃ ಮುಚ್ಚಿದರು. ಅದಕ್ಕೆ ಒಂದು ವರ್ಷ ಮೊದಲು, 2001ರಲ್ಲಿ, ಸಮೀಪದಲ್ಲಿಯೇ ಗುಹೆಯ ಪ್ರತಿಕೃತಿಯೊಂದನ್ನು ನಿರ್ಮಿಸಲಾಗಿತ್ತು. ಪೆದ್ರೊ ಸಾವ್ರ ಮತ್ತು ಮತಿಲ್ದೆ ಮುಸ್ಕಿಸ್ ಎಂಬ ಚಿತ್ರಕಲಾ ಪ್ರಾಧ್ಯಾಪಕರು ಮೂಲದ ಉಬ್ಬುತಗ್ಗುಗಳ ಮೇಲೆ, ಕಾವಿ ಮತ್ತು ಇದ್ದಿಲುಗಳಿಂದಲೇ ಆ ಚಿತ್ರಗಳನ್ನು ಪುನಃ ಬರೆದರು. 2014ರಲ್ಲಿ ಪ್ರಯೋಗಾರ್ಥವಾಗಿ ಮೂಲ ಗುಹೆಗೆ ವಾರಕ್ಕೆ ಐದೇ ಮಂದಿಯನ್ನು, ಚೀಟಿ ಎತ್ತಿ ಆರಿಸಿ, ರಕ್ಷಣಾ ಉಡುಪು ತೊಡಿಸಿ, 37 ನಿಮಿಷಗಳ ಮಟ್ಟಿಗೆ ಒಳಗೆ ಬಿಟ್ಟರು.

ಆದಾಯ ತರುವ ಬಾಗಿಲನ್ನು ತಾವಾಗಿಯೇ ಮುಚ್ಚುವುದು ಯಾವ ಆಡಳಿತಕ್ಕೂ ಸುಲಭವಲ್ಲ. ಪುರಾತನ ಸ್ಥಳಗಳನ್ನು ನೋಡಿಕೊಳ್ಳುವ ಧರ್ಮದರ್ಶಿಗಳು ಈ ಭಾಗವನ್ನು ವಿಶೇಷವಾಗಿ ಮನನ ಮಾಡಬೇಕು. ನಮಗೆ ದೊರೆತುದು ನಮ್ಮದೆಂಬ ಭಾವನೆ ಬಂದ ಕ್ಷಣವೇ ಅದರ ಕ್ಷಯ ಆರಂಭವಾಗುತ್ತದೆ. ಹಿಂದಿನವರು ಇಟ್ಟುಹೋದುದನ್ನು ಮುಂದಿನವರಿಗೆ ಒಪ್ಪಿಸುವ ಮಧ್ಯವರ್ತಿಗಳು ನಾವು. ಬಳಸುವ ಹಕ್ಕು ನಮಗಿದೆಯೆಂಬುದು ನಿಜ, ಆದರೆ ಬಳಸಿ ಮುಗಿಸುವ ಹಕ್ಕು ಯಾರಿಗೂ ಇಲ್ಲ.

ಈ ಚಿಕ್ಕ ಗುಹೆಗೆ ಎರಡು ಬಾರಿ ಹಾನಿಯಾಯಿತು. ಒಮ್ಮೆ ಮಾತಿನಲ್ಲಿ ಮಿತಿಯಿಲ್ಲದವರಿಂದ, ಇನ್ನೊಮ್ಮೆ ಭೋಗದಲ್ಲಿ ಮಿತಿಯಿಲ್ಲದವರಿಂದ. ಎರಡು ಬಾರಿಯೂ ಪರಿಹಾರ ದೊರೆತದ್ದು ಸಂಯಮದಿಂದಲೇ. ಕಾರ್ತಯಾಕ್ ತಮ್ಮ ಅಭಿಮಾನವನ್ನು ತಗ್ಗಿಸಿಕೊಂಡರು, ಗುಹೆಯ ಪಾಲಕರು ಆದಾಯದ ಆಸೆಯನ್ನು ತಗ್ಗಿಸಿಕೊಂಡರು. ವ್ಯತ್ಯಾಸವಿರುವುದು ಒಂದೇ ಅಂಶದಲ್ಲಿ. ಬಾಗಿಲು ಮುಚ್ಚಿದ ಮೇಲೆ ಚಿತ್ರಗಳು ಉಳಿದವು. ತಪ್ಪೊಪ್ಪಿಗೆ ಬರುವ ಹೊತ್ತಿಗೆ ಮನುಷ್ಯ ಉಳಿದಿರಲಿಲ್ಲ. ಬಂಡೆಯು ಕಾಯಬಲ್ಲುದು, ಮನುಷ್ಯನಿಗೆ ಅಷ್ಟು ಆಯುಷ್ಯವಿಲ್ಲ. ಆದುದರಿಂದ ಇನ್ನೊಬ್ಬರ ಪ್ರಾಮಾಣಿಕತೆಯನ್ನು ಕುರಿತು ನಾಲಗೆ ಎತ್ತುವ ಮುನ್ನ ಒಂದು ದಿನ ತಡೆದು, ಸಾಧ್ಯವಾದರೆ ಹೋಗಿ ಕಣ್ಣಾರೆ ನೋಡಿ, ಆಮೇಲೆ ಮಾತಾಡುವುದು ಗೃಹಸ್ಥರಿಗೆ ಉಚಿತವಾದ ಮಾರ್ಗವಾಗಿದೆ.